ಮೊಳೆ ಮುಟ್ಟದ ಬಡಿಗೇರ ಕಾಕಾ

ನನ್ನ ಎಡಗೈ ಪೂರ್ತಿ ಚಾಚಲು ಬರುವುದಿಲ್ಲ. ಮೊಣಕೈ ಹತ್ತಿರ ಸ್ವಲ್ಪ ಸೊಟ್ಟ. ಅದರಿಂದ ನನಗೇನೂ ದೊಡ್ಡ ನಷ್ಟವಾಗಿಲ್ಲ. ಬಸ್ಸಿನಲ್ಲಿ ಬಲಗೈಯಿಂದ ಕಂಬಿ ಹಿಡಿಯುತ್ತೇನೆ. ಬಲಗೈಯಿಂದಲೇ ಬೋರ್ಡಿನ ಮೇಲೆ ಬರೆದು ಇಷ್ಟು ವರ್ಷ ಶಾಲೆಯಲ್ಲಿ ಪಾಠ ಹೇಳಿದೆ. ಹೆಣ್ಣು ನೋಡಲು ಬಂದ ಒಂದಿಬ್ಬರು ಕೈ ನೋಡಿ, ಉಪ್ಪಿಟ್ಟು ತಿಂದು, ಎದ್ದು ಹೋದರು. ಅವರ ಮೋರೆ ನೆನೆಸಿಕೊಂಡರೆ ಅದು ಲಾಭವೆಂದೇ ಅನ್ನಿಸುತ್ತದೆ. ಆದರೆ ಈ ಕೈ ನನ್ನ ಮೈಮೇಲಿದ್ದರೂ ಇದರ ನೋವು ಉಂಡವರು ಬೇರೆಯವರು. ಅವರು ಹೋದ ವಾರ ತೀರಿಕೊಂಡರಂತೆ. ಸೋದರಮಾವನ ಮಗ ಊರಿನಿಂದ ಫೋನು ಮಾಡಿ ಮಳೆ, ಗೋವಿನಜೋಳದ ದರ, ತನ್ನ ಮಗನ ಮದುವೆ ಎಲ್ಲವನ್ನೂ ಹೇಳಿ ಮುಗಿಸಿ, ಕಡೆಗೆ, "ಅಂದಂಗ ಅಕ್ಕಾ, ಬಡಿಗ್ಯಾರ ಕಾಕಾ ಹೋದ್ರು. ವಯಸ್ಸಾಗಿತ್ತ ಬಿಡು," ಎಂದ.

ಅವರ ಹೆಸರು ಬರೆಯುವುದಿಲ್ಲ. ಅವರು ಮಾಡದ ತಪ್ಪನ್ನು ಅವರ ಹೆಸರಿಗೆ ಅಂಟಿಸಿ, ಅಂಟಿದ್ದನ್ನು ನೋಡುತ್ತ ಸುಮ್ಮನೆ ಕುಳಿತವರು ನಮ್ಮ ಮನೆಯವರು. ಹೆಸರು ಹೇಳಿ ಈಗ ಉಪಕಾರ ಮಾಡುವುದೂ ಬೇಡ. ನಮ್ಮೂರಿಗೆ, ದೇವಿಕೊಪ್ಪದ ಆಸುಪಾಸಿನ ಹಳ್ಳಿಗಳಿಗೆಲ್ಲ ಅವರು ಬಡಿಗೇರ ಕಾಕಾ. ಅವರ ಮನೆಯಲ್ಲಿ ಮುತ್ತಜ್ಜನ ಕಾಲದಿಂದಲೂ ತೊಟ್ಟಿಲು ಮಾಡುತ್ತಿದ್ದರು. ಕಲಘಟಗಿ ಸೀಮೆಯ ತೊಟ್ಟಿಲೆಂದರೆ ಸಾಗವಾನಿ ಕಟ್ಟಿಗೆ, ಮೈತುಂಬ ಅರಗಿನ ಬಣ್ಣ, ಒಂದೂ ಮೊಳೆಯಿಲ್ಲ. ಹೆಣ್ಣುಮಕ್ಕಳ ಚೊಚ್ಚಲ ಬಾಣಂತನಕ್ಕೆ ದೂರದೂರದಿಂದ ಬಂದು ಹೇಳಿ ಮಾಡಿಸುತ್ತಿದ್ದರು. ನಾನು ಬುದ್ಧಿ ತಿಳಿದು ನೋಡುವ ಹೊತ್ತಿಗೆ, ಅಂದರೆ ಎಂಬತ್ತರ ದಶಕದ ಆ ವರ್ಷಗಳಲ್ಲಿ, ಕಾಕಾ ತೊಟ್ಟಿಲು ಬಿಟ್ಟು ಬರೀ ಟೀಪಾಯಿ ಮಾಡುತ್ತಿದ್ದರು. ಅದೇಕೆಂದು ಕೇಳಿದವರಿಗೆ, "ಟೀಪಾಯಿ ಮುರದ್ರ ಚಾ ಚೆಲ್ಲತೈತಿ, ಅಷ್ಟ," ಎನ್ನುತ್ತಿದ್ದರು. ಕೇಳಿದವರು ನಗುತ್ತಿದ್ದರು. ಕಾಕಾ ನಗುತ್ತಿರಲಿಲ್ಲ.

ಉದ್ದನೆಯ ಒಣಕಲು ಆಳು. ಮೀಸೆ ಮಾತ್ರ ಬೇರೆ ಯಾರಿಗೋ ಅಳತೆ ತೆಗೆದುಕೊಂಡು ಇವರಿಗೆ ಕೂಡಿಸಿದ ಹಾಗೆ ಇತ್ತು. ಕಿವಿಯ ಮೇಲೊಂದು ಪೆನ್ಸಿಲ್ ತುಣುಕು. ಚಹಾವನ್ನು ಬಸಿಗೆ ಸುರಿದೇ ಕುಡಿಯಬೇಕು, ಕುಡಿಯುವಾಗ ಯಾರೂ ಮಾತಾಡಿಸಬಾರದು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಗಿರಾಕಿ ಬಂದು, "ಕಾಕಾ, ನೀವು ಮಾಡಿದ ಸ್ಟೂಲ ಅಲಗ್ಯಾಡತೈತಿ," ಎಂದರೆ, "ನಿಮ್ಮನಿ ನೆಲಾ ನೋಡ್ಕೋರಿ," ಎಂದು ಒಳಗೆ ಹೋಗಿಬಿಡುವರು. ಸಂಜೆ ಆ ಗಿರಾಕಿಯ ಮನೆಗೆ ತಾವೇ ಹೋಗಿ, ಸ್ಟೂಲು ಮಗುಚಿ ನೋಡಿ, ನಿಜಕ್ಕೂ ನೆಲವೇ ಡೊಂಕಾಗಿದ್ದರೂ ಕಾಲು ತಾಸಿ ಸರಿ ಮಾಡಿ ಬರುವರು.

ಮೊಳೆ ಕಂಡರೆ ಅವರಿಗೆ ಆಗದು. "ಮೊಳಿ ಹೊಡದ ಕೂಡಿಸಿದ್ದು ಪೊಲೀಸ್ರು ಕೂಡಿಸಿದ ಸಂಸಾರ ಇದ್ದಂಗ. ಎದುರಿಗೆ ಇರೂತನಾ ನೆಟ್ಟಗ, ಆಮ್ಯಾಲ ಅವರ ಹಾದಿ ಅವರಿಗೆ," ಎಂದು ಹೇಳುವರು. ಯಾರ ಮನೆಗೆ ಹೋದರೂ ಮೊದಲು ಅಲ್ಲಿದ್ದ ಕುರ್ಚಿ ಮೇಜುಗಳ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವರು. ಒಮ್ಮೆ ಯಾರದೋ ಸಾಕ್ಷಿಗೆಂದು ಕಲಘಟಗಿಯ ಒಂದು ಆಫೀಸಿಗೆ ಹೋಗಿದ್ದಾಗ ಸಾಹೇಬರ ಟೇಬಲ್ಲನ್ನೂ ಹೀಗೆಯೇ ಒತ್ತಿದರಂತೆ. ಟೇಬಲ್ಲಿನ ಕಾಲು ಕೈಗೆ ಬಂತು. "ಸಾಹೇಬ್ರ, ಇದರ ಮ್ಯಾಲ ಕಾಗದ ಅಷ್ಟ ಇಡ್ರಿ, ಕೈ ಊರಬ್ಯಾಡ್ರಿ," ಎಂದು ಬುದ್ಧಿ ಹೇಳಿ ಬಂದರು. ಸಾಕ್ಷಿ ಹೇಳಿದರೋ ಇಲ್ಲವೋ ಯಾರಿಗೂ ನೆನಪಿಲ್ಲ, ಟೇಬಲ್ಲಿನ ಕಥೆ ಮಾತ್ರ ಊರೆಲ್ಲ ಆಯಿತು.

ನಮ್ಮ ಮನೆಗೆ ಬಂದಾಗ ಅವರು ಯಾವುದರ ಮೂಲೆಯನ್ನೂ ಒತ್ತುತ್ತಿರಲಿಲ್ಲ. ತಲೆಬಾಗಿಲ ಹೊರಗೇ ನಿಂತು, "ತಂಗಿ ಎಲ್ಲಿ?" ಎಂದು ಕೇಳುವರು. ನಾನು ಬಂದು ನಿಂತರೆ, "ಚಾಚು," ಎನ್ನುವರು. ನಾನು ಎಡಗೈ ಚಾಚಬೇಕು. ಅದು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಒಂದು ಕಣ್ಣು ಮುಚ್ಚಿ, ಹಲಗೆಯ ನೇರ ನೋಡುವ ಹಾಗೆ ನೋಡುವರು. "ಹೋದ ಸಲಕ್ಕಿಂತ ಚೊಲೋ ಆಗೇತಿ" ಎಂದು ತಮಗೆ ತಾವೇ ಹೇಳಿಕೊಂಡು ಧೋತರದ ಗಂಟಿನಿಂದ ಬುಗುರಿಯನ್ನೋ, ಗೊಂಬೆಯ ಮಂಚವನ್ನೋ ತೆಗೆದು ಕೊಡುವರು. ಕೈ ಕಡಿಮೆ ಚಾಚಿ "ಹಾ" ಎಂದು ನರಳಿದರೆ ಎರಡು ಆಟಿಕೆ ಬರುತ್ತವೆ ಎಂದು ನನಗೆ ಬಲುಬೇಗ ಗೊತ್ತಾಯಿತು. ಆಮೇಲೆ ನಾನು ಪ್ರತಿ ಸಲವೂ ನರಳುತ್ತಿದ್ದೆ. ಆ ನರಳಾಟ ಅವರನ್ನು ಏನು ಮಾಡುತ್ತಿತ್ತೆಂದು ನನಗೆ ಆಗ ತಿಳಿಯದು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಾನು ಬೆಳೆದದ್ದು ಅಜ್ಜನ ಮನೆಯಲ್ಲಿ, ಅವ್ವನ ತವರಿನಲ್ಲಿ. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ, ಊರೂರಿಗೆ ವರ್ಗ. ಹುಡುಗಿಯ ಶಾಲೆ ಕೆಡುವುದು ಬೇಡವೆಂದು ನನ್ನನ್ನು ಇಲ್ಲೇ ಬಿಟ್ಟಿದ್ದರು. ಅಜ್ಜ ಊರ ಗೌಡ. ನನ್ನ ಕೈಯ ಕಥೆಯನ್ನು ಊರು ಹೇಳುತ್ತಿದ್ದದ್ದು ಹೀಗೆ: ಕೂಸು ಹುಟ್ಟಿತು, ಬಡಿಗೇರ ಕಾಕಾ ತೊಟ್ಟಿಲು ಮಾಡಿಕೊಟ್ಟರು, ಹೆಸರಿಟ್ಟ ಕೆಲವೇ ದಿನಕ್ಕೆ ತೊಟ್ಟಿಲ ತಳ ಕಳಚಿ ಕೂಸು ನೆಲಕ್ಕೆ ಬಿತ್ತು, ಕೈ ಮುರಿಯಿತು, ನಾಟಿ ವೈದ್ಯರು ಕಟ್ಟಿದ್ದು ಸೊಟ್ಟ ಕೂಡಿತು. ಅಜ್ಜ ಆ ದಿನವೇ ಅಪಶಕುನದ ತೊಟ್ಟಿಲೆಂದು ಅದನ್ನು ಒಡೆದು ಬಚ್ಚಲ ಒಲೆಗೆ ಹಾಕಿದ. ಸುದ್ದಿ ಕೇಳಿ ಕಾಕಾ ಓಡಿ ಬಂದಾಗ ಉಳಿದದ್ದು ಬೂದಿ. "ಯಾವ ಮೂಲಿ ಬಿಟ್ಟಿತ್ರಿ, ಒಮ್ಮೆ ನೋಡತಿದ್ನಿ," ಎಂದು ಅಜ್ಜನನ್ನು ಕೇಳಿದರಂತೆ. "ನೋಡಿ ಏನ ಮಾಡ್ತಿ, ಆಗಿದ್ದ ಆತು," ಎಂದನಂತೆ ಅಜ್ಜ. ಬೈಯಲಿಲ್ಲ, ಪಂಚಾಯಿತಿ ಸೇರಿಸಲಿಲ್ಲ. ಬಡಿಗೇರನ ಕೆಲಸದ ಕೂಲಿಯೆಂದು ವರ್ಷಕ್ಕೊಮ್ಮೆ ಕೊಡುವ ಜೋಳದ ಆಯವನ್ನು ಮೊದಲಿಗಿಂತ ಹೆಚ್ಚಾಗಿಯೇ ಅಳೆದು ಕಳಿಸತೊಡಗಿದ. ಕಾಕಾ ಅದನ್ನು ಹೋದಲ್ಲೆಲ್ಲ ಹೇಳುವರು: "ಗೌಡ್ರು ದೊಡ್ಡ ಮನಷ್ಯಾರು. ಮೊಮ್ಮಗಳ ಕೈ ಮುರದ್ರೂ ನನಗ ಒಂದ ಮಾತ ಅನಲಿಲ್ಲ." ಅಜ್ಜನ ಎದುರಿಗೆ ಯಾರಾದರೂ ಈ ಮಾತು ಎತ್ತಿದರೆ ಅಜ್ಜ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ಆದರೆ ಗೌಡನ ಹೆಗಲ ಕಡೆ ನೋಡುವ ಧೈರ್ಯ ಯಾರಿಗಿತ್ತು?

ಹೈಸ್ಕೂಲಿಗೆ ಹೋಗುವಾಗ ಕಾಕಾನ ಮನೆ ದಾರಿಯಲ್ಲೇ ಬೀಳುತ್ತಿತ್ತು. ಸಂಜೆ ಬರುವಾಗ ಅವರ ಅಂಗಳದ ಚಪ್ಪರದಲ್ಲಿ ಚೀಲ ಇಟ್ಟು ಕೂರುವುದು ನನಗೆ ರೂಢಿಯಾಯಿತು. ಹತ್ತನೆಯ ತರಗತಿಗೆ ಕಾಲಿಟ್ಟ ಮಳೆಗಾಲದಲ್ಲಿ ಒಂದು ದಿನ, ಹೊಸ ಸಾಗವಾನಿ ಹಲಗೆಯ ಮೇಲೆ ಅಂಗೈ ಆಡಿಸುತ್ತ, "ಇದು ನಿಂದು ನೋಡು ತಂಗಿ," ಎಂದರು. "ನೀ ಪಾಸಾಗಿ ಕಾಲೇಜಿಗೆ ಹೋಗೂಮುಂದ ಇದರ ಮ್ಯಾಲ ಚಾ ಕುಡದ ಹೋಗಬೇಕು."

ಟೀಪಾಯಿ ಎಂದರೆ ಏನು ಮಹಾ, ನಾಲ್ಕು ಕಾಲು, ಒಂದು ಹಲಗೆ ಎಂದುಕೊಂಡಿದ್ದೆ. ಅದಕ್ಕೆ ಒಂದು ವರ್ಷ ಹಿಡಿಯಿತು. ಕಾಕಾ ನೆಲದ ಮೇಲೆ ಕೂತು, ಕಟ್ಟಿಗೆಯನ್ನು ಎರಡೂ ಪಾದಗಳ ನಡುವೆ ಹಿಡಿದು, ಉಳಿ ಕೊಡತಿಯಿಂದ ಕಾಲಿಗೆ ತೂತು ತೆಗೆಯುವರು. ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯ ಹಾಗೆ ತೆಳ್ಳಗೆ ಕೆತ್ತಿ ಆ ತೂತಿನಲ್ಲಿ ಕೂಡಿಸುವರು. ನಾಲಿಗೆ ಒಳಗೆ ಹೋಗುವಾಗ ಸಪ್ಪಳವಾಗಬಾರದು, ಹಾಗೆಂದು ಸಲೀಸಾಗಿಯೂ ಹೋಗಬಾರದು. "ಹೊಸಾ ಅಳಿಯ ಮನಿಗೆ ಬಂದಂಗ ಬರಬೇಕು. ಸ್ವಲ್ಪ ನಾಚಕೋತ," ಎನ್ನುವರು. ಆಮೇಲೆ ಕಾಲಿನ ಪಕ್ಕದಿಂದ ಆ ನಾಲಿಗೆಯನ್ನು ಹಾಯ್ದು ಹೋಗುವ ಹಾಗೆ ಒಂದು ಸಣ್ಣ ತೂತು, ಅದರಲ್ಲಿ ಬೆರಳುದ್ದದ ಜಾಲಿ ಕಟ್ಟಿಗೆಯ ಕೀಲು. ಇಡೀ ಟೀಪಾಯಿ ನಿಲ್ಲುವುದು ಆ ಕೀಲಿನ ಮೇಲೆ. ಅಂಟಿಲ್ಲ, ಮೊಳೆಯಿಲ್ಲ. ಆದರೆ ಕೀಲನ್ನು ಕೂಡಲೇ ಹೊಡೆಯುವಂತಿಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ಕಟ್ಟಿಗೆ ತನ್ನಷ್ಟಕ್ಕೆ ಉಬ್ಬಿ, ಸೊರಗಿ, ಸುಮ್ಮನಾಗಬೇಕು. ಅಲ್ಲಿಯವರೆಗೆ ಬಿಡಿಬಿಡಿಯಾಗಿ ಹಗ್ಗ ಸುತ್ತಿ ಇಡುವುದು.

ಈ ಕೆಲಸ ಮಾಡುತ್ತಲೇ ಅವರು ನನ್ನೊಡನೆ ಒಂದೇ ಮಾತನ್ನು ಮತ್ತೆ ಮತ್ತೆ ಆಡುತ್ತಿದ್ದರು. ಅದು ಅರ್ಧ ನನ್ನೊಡನೆ, ಅರ್ಧ ಕಟ್ಟಿಗೆಯೊಡನೆ. "ತೂತ ದೊಡ್ಡದ ಆಗಿತ್ತೇನ? ಊಹೂಂ. ನಾಲಗಿ ತೆಳ್ಳಗ ಆಗಿತ್ತೇನ? ಅದೂ ಅಲ್ಲ." ಅವರು ಮಾಡಿದ ಟೀಪಾಯಿಗಳೆಲ್ಲದರಲ್ಲೂ ಇದ್ದದ್ದು ತೊಟ್ಟಿಲದ ಸಂದು, ಅದೇ ನಾಲಿಗೆ, ಅದೇ ಕೀಲಿನ ಜೋಡಣೆ. ಒಂದರಲ್ಲಿ ತೂತು ಒಂದು ಎಳೆ ದೊಡ್ಡದು, ಇನ್ನೊಂದರಲ್ಲಿ ಕೀಲು ಒಂದು ಎಳೆ ಸಣ್ಣದು. ಮಾಡಿ, ಮೇಲೆ ಹತ್ತಿ ಕೂತು, ಕುಣಿದು, ಯಾವುದು ಬಿಡುತ್ತದೆ ಎಂದು ನೋಡುವರು. ನನ್ನ ತೊಟ್ಟಿಲು ಏಕೆ ಬಿತ್ತು ಎಂಬುದನ್ನು ಬೂದಿಯಿಂದ ಕೇಳಲಾಗದೆ ಟೀಪಾಯಿಗಳಿಂದ ಕೇಳುತ್ತಿದ್ದರು. ಮಾಸ್ತರರು, ಕಾರಕೂನರು ಕೊಂಡುಹೋಗಿ ಮೇಲೆ ಪೇಪರು, ಹೂದಾನಿ ಇಟ್ಟುಕೊಂಡರು.

ತಪ್ಪನ್ನು ಅಷ್ಟು ವರ್ಷ ಹುಡುಕಿದರೆ ಸಿಗದೆ ಇರುತ್ತದೆಯೇ? ಅವರಿಗೂ ಒಂದು ಸಿಕ್ಕಿತು. ಕೀಲು ಹಸಿಯಾಗಿದ್ದಿರಬೇಕು ಎಂದು ತೀರ್ಮಾನಕ್ಕೆ ಬಂದರು. ತೊಟ್ಟಿಲು ಮಾಡುವವರ ಮನೆಗಳಲ್ಲಿ ಕೀಲು ಒಣಗಿಸುವುದು ಹೆಂಡತಿಯ ಕೆಲಸ. ಅಡುಗೆ ಒಲೆಯ ಮೇಲಿನ ಜಂತಿಗೆ ಬುಟ್ಟಿ ತೂಗುಹಾಕಿ, ತಿಂಗಳುಗಟ್ಟಲೆ ಹೊಗೆಯಲ್ಲಿ ಕರ್ರಗೆ ಮಾಡಿ, ಉಗುರಿನಿಂದ ಕುಟ್ಟಿ ನೋಡಿ ಗಂಡನ ಕೈಗೆ ಕೊಡುವುದು. ಅದಕ್ಕೇ ಹೆಸರಿಡುವ ದಿನ ಕೂಸಿನ ತಾಯಿಗೆ ಉಡಿ ತುಂಬಿದ ಕೂಡಲೇ ಮುಂದಿನ ಉಡಿ ತುಂಬುತ್ತಿದ್ದದ್ದು ಬಡಿಗೇರನ ಹೆಂಡತಿಗೆ. ನಮ್ಮ ಕಾಕುವಿಗೆ, ಅಂದರೆ ಕಾಕಾನ ಹೆಂಡತಿಗೆ, ನನ್ನ ಕೈ ಮುರಿದ ಮೇಲೆ ಆ ಕರೆ ನಿಂತುಹೋಗಿತ್ತು. ಹೊರಗಿನವರು ಕರೆಯುವುದನ್ನು ಬಿಟ್ಟರು. ಮನೆಯಲ್ಲಿ ಕಾಕಾ ಅವರ ಕೈಯ ಕೀಲು ತೆಗೆದುಕೊಳ್ಳುವುದನ್ನು ಬಿಟ್ಟರು. ಚಪ್ಪರದಲ್ಲಿ ಅರಗು ಕಾಯಿಸಲು ಹಾಕಿದ್ದ ಸಣ್ಣ ಒಲೆಯ ಮೇಲೆ ತಮ್ಮದೇ ಒಂದು ಬುಟ್ಟಿ ಕಟ್ಟಿಕೊಂಡಿದ್ದರು.

"ಆ ವರ್ಷ ಮಳಿ ಅಗದಿ ಜೋರ ಇತ್ತು," ಎಂದು ಒಮ್ಮೆ ಕಾಕು ಚಹಾ ತಂದಿಟ್ಟು ನಿಂತಿದ್ದಾಗಲೇ ನನಗೆ ಹೇಳಿದರು. "ಇಕಿ ತವರಮನಿಗೆ ಬ್ಯಾರೆ ಹೋಗಿ ಬಂದಿದ್ಲು. ಒಲಿಗೆ ಹೊಗಿ ಎಷ್ಟ ಕೊಟ್ಟಿದ್ಲೋ ಏನೋ."

ಕಾಕು ತಲೆಯೆತ್ತಿ ಆ ಬುಟ್ಟಿಯನ್ನು ನೋಡಿದರು, ಬಸಿ ತೆಗೆದುಕೊಂಡು ಒಳಗೆ ಹೋದರು. ದೊಡ್ಡ ದನಿಯ ಜಗಳವಾಡಿದ ಗಂಡ ಹೆಂಡಿರಲ್ಲ ಅವರು. ಆ ಮನೆಯಲ್ಲಿ ಕಾಕು ತುಂಬ ಕಡಿಮೆ ಮಾತಾಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅವರ ಸ್ವಭಾವವೇ ಹಾಗೆ ಎಂದುಕೊಂಡಿದ್ದೆ.

ನಾನು ಪಾಸಾದೆ. ಆ ಬೇಸಿಗೆಯಲ್ಲಿ ಕಾಕಾ ಟೀಪಾಯಿಯನ್ನು ಬಿಡಿಯಾಗಿಯೇ ಬಂಡಿಯಲ್ಲಿ ಹೇರಿಕೊಂಡು ಬಂದರು. ನನ್ನ ಕೈ ಮುರಿದ ಮೇಲೆ ಅಂದು ಮೊದಲ ಸಲ ನಮ್ಮ ಪಡಸಾಲೆಯೊಳಗೆ ಕಾಲಿಟ್ಟು, ನಮ್ಮೆಲ್ಲರ ಎದುರಿಗೆ ಜೋಡಿಸಿ, ನಾಲ್ಕು ಮೂಲೆಗೂ ಕೀಲು ಹೊಡೆದರು. ಕಾಲುಗಳಿಗೆ ತೊಟ್ಟಿಲಿಗೆ ಹಚ್ಚುವ ಅದೇ ಕೆಂಪು, ಹಳದಿ ಅರಗು. ಅಜ್ಜ ಕೈಯಾಡಿಸಿ, "ಭಾಳ ಚೊಲೋ ಆಗೇತಿ," ಎಂದ. ಕಾಕಾಗೆ ಅಷ್ಟು ಸಾಲದು. ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಅಜ್ಜಿಗೆ, ನಾವೆಲ್ಲ ಆಯಿ ಎನ್ನುತ್ತಿದ್ದೆವು, "ಯವ್ವಾ, ಒಳ್ಳಿನ ದೊಡ್ಡ ಗುಂಡಕಲ್ಲ ಎಲ್ಲೈತ್ರಿ?" ಎಂದು ಕೇಳಿದರು.

"ಅದ್ಯಾಕಪಾ?" ಎಂದಳು ಆಯಿ. ಅವಳ ದನಿ ಬದಲಾದದ್ದು ನನಗೆ ಕೇಳಿಸಿತು.

"ಭಾರ ಹಾಕಿ ತೋರಸ್ತೀನ್ರಿ. ಗೌಡ್ರು ಕಣ್ಣಿಂದ ನೋಡಲಿ."

ಯಾರೂ ಏಳಲಿಲ್ಲ. ಕಾಕಾ ತಾವೇ ಹೋಗಿ, ಆ ರುಬ್ಬುವ ಗುಂಡುಕಲ್ಲನ್ನು ಎದೆಗೆ ಅವಚಿ ತಂದು ಟೀಪಾಯಿಯ ನಡುವೆ ಇಟ್ಟರು. ಎರಡೂ ಕೈಯಿಂದ ಟೀಪಾಯಿಯನ್ನು ಹಿಂದೆ ಮುಂದೆ ಜಗ್ಗಿದರು. ಒಂದು ಸಂದೂ ಕಿರ್ರೆನ್ನಲಿಲ್ಲ.

"ನೋಡ್ರಿ ಗೌಡ್ರ. ಇದು ತೊಟ್ಟಿಲದ ಸಂದನ ಐತಿ. ಅವತ್ತ ಕೀಲ ಒಣಗಿತ್ತಂದ್ರ ನಿಮ್ಮ ತೊಟ್ಟಿಲಾನೂ ಹಿಂಗ ನಿಂದರತಿತ್ತು. ನೀವು ನನಗ ಒಂದ ಮಾತ ಅನಲಿಲ್ಲ. ಬೈದಿದ್ರ ಚೊಲೋ ಇತ್ರಿ."

ಅಜ್ಜ ಆ ಕಲ್ಲನ್ನೇ ನೋಡುತ್ತಿದ್ದ. ಆಮೇಲೆ ಎದ್ದು ದನದ ಕೊಟ್ಟಿಗೆಗೆ ಹೋದ. ದನಗಳೆಲ್ಲ ಮೇಯಲು ಹೋಗಿದ್ದ ಹೊತ್ತು ಅದು.

ಆ ಸಂಜೆ ಆಯಿ ನನ್ನನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದಳು. ನಮ್ಮ ಕಡೆ ಹೆಸರಿಡುವಾಗ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಒಂದು ಸಣ್ಣ ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ ಮಲಗಿಸಿ ತೂಗುತ್ತಾರೆ, ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ನನ್ನ ಹೆಸರಿಡುವ ಮುಂಜಾನೆ ಕಾಕಾ ಬಂದು ತೊಟ್ಟಿಲು ಜೋಡಿಸಿ, ಕೀಲು ಹೊಡೆದು, ವೀಳ್ಯ ತೆಗೆದುಕೊಂಡು, ಬೇರೆ ಊರಿನ ಮದುವೆಗೆ ಹೋದರು. ಆಮೇಲೆ ಬೀಗರ ಕಡೆಯ ಯಾರೋ, ಹೆಣ್ಣುಕೂಸಿಗೂ ಇಷ್ಟೆಲ್ಲ ಸಡಗರವೇ ಎಂದು ನಕ್ಕರಂತೆ. ಅಜ್ಜನಿಗೆ ರೋಷ ಬಂತು. ಸಣ್ಣ ಕಲ್ಲನ್ನು ಬದಿಗಿಟ್ಟು, "ಹೆಣ್ಣಾದ್ರೇನಾತು? ನನ್ನ ಮೊಮ್ಮಗಳು ಒಳ್ಳಿನ ಗುಂಡಿನಂಗ ಆಗ್ತಾಳ," ಎಂದು ಆ ದೊಡ್ಡ ರುಬ್ಬುವ ಕಲ್ಲನ್ನೇ ಎತ್ತಿ ತಂದು ತೊಟ್ಟಿಲಿಗೆ ಹಾಕಿದ. ಹಾಕಿದ ಅಂದರೆ ಮೆಲ್ಲಗೆ ಇಡಲಿಲ್ಲ, ಜನ ನೋಡಲೆಂದು ಕೈ ಬಿಟ್ಟ. ಕಾಲಿನ ಕಡೆಯ ಎಡ ಮೂಲೆಯಲ್ಲಿ ಚಟ್ ಎಂದದ್ದು ಜೋಗುಳದ ಗದ್ದಲದಲ್ಲಿ ಪಕ್ಕದಲ್ಲಿದ್ದ ಆಯಿಗೆ ಮಾತ್ರ ಕೇಳಿಸಿತು. ಕೀಲು ಸೀಳಿತ್ತು. ಶುಭದಿನ, ಬಾಯಿ ಬಿಡಬೇಡ ಎಂದು ಅಜ್ಜ ಆಯಿಗೆ ಕಣ್ಣಿನಲ್ಲೇ ಹೇಳಿ, ಮಂದಿ ಊಟಕ್ಕೆ ಎದ್ದಾಗ ಸೀಳಿದ ಕೀಲನ್ನು ಕಿತ್ತು ಅಲ್ಲೊಂದು ಮೊಳೆ ಹೊಡೆದ. ನಾಳೆ ಬಡಿಗೇರನನ್ನು ಕರೆಸೋಣ ಎಂದ. ನಾಳೆ ನಾಳೆ ಎನ್ನುತ್ತ ಕೆಲವು ದಿನ ಹೋದವು, ಆ ನಾಳೆ ಬರುವ ಮೊದಲೇ ನಾನು ಬಿದ್ದೆ.

"ಬೂದ್ಯಾಗಿಂದ ಆ ಮೊಳಿ ನಾನ ಆರಿಸಿ ತಗದ್ನಿ," ಎಂದಳು ಆಯಿ. "ಈ ಕೈಲೆನ ಬಾವ್ಯಾಗ ಒಗದ್ನಿ. ಬಡಿಗ್ಯಾರ ಕಾಕಾ ಬಂದ ಕೇಳೂಮುಂದ ನಾ ಒಳಗ ನಿಂತಿದ್ನಿ, ಯವ್ವಾ. ಗೌಡನ ಮರ್ಯಾದಿ ಅಂತ ಹಲ್ಲ ಕಚಗೊಂಡ ನಿಂತಿದ್ನಿ."

ನಾನು ಸಿಟ್ಟಿನ ಹುಡುಗಿ. ನನ್ನ ಕೈ ಸೊಟ್ಟವಾದರೂ ಬಾಯಿ ನೆಟ್ಟಗೆ ಎಂದು ಊರಲ್ಲಿ ಹೆಸರು. ಮರುದಿನವೇ ಅಜ್ಜನ ಎದುರಿಗೆ ನಿಂತು, "ಕಾಕಾಗ ಹೇಳ ಅಜ್ಜಾ," ಎಂದೆ. ಅಜ್ಜ ನನಗೆ ಹೊಡೆಯಲಿಲ್ಲ, ಬೈಯಲಿಲ್ಲ. "ಹೇಳೂಣು," ಎಂದ.

ಹೇಳಲು ಹೋದನೂ ಕೂಡ. ಅದನ್ನು ನಾನು ಸುಳ್ಳು ಹೇಳಬಾರದು. ರುಮಾಲು ಸುತ್ತಿ, ಕೋಲು ಹಿಡಿದು, ಮೋರೆ ಗಟ್ಟಿ ಮಾಡಿಕೊಂಡು ಕಾಕಾನ ಚಪ್ಪರಕ್ಕೆ ಹೋದ. ಗೌಡರೇ ಬಂದರೆಂದು ಕಾಕಾ ಕಂಬಳಿ ಹಾಸಿ ಕೂರಿಸಿ, ಕೈಮುಗಿದು ನಿಂತು, "ಏನ ಅಪ್ಪಣಿ ಆಗಬೇಕ್ರಿ?" ಎಂದು ಕೇಳಿದರು. "ಒಂದ ಮಣಿ ಬೇಕಾಗಿತ್ತು," ಎಂದ ಅಜ್ಜ. ಊಟಕ್ಕೆ ಕೂರುವ ಒಂದು ಮಣೆ ಮನೆಗೆ ಬಂತು. ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಮತ್ತೆ ಹೋದ, ಮತ್ತೊಂದು ಮಣೆ. ನಾನು ಧಾರವಾಡದ ಕಾಲೇಜಿನಿಂದ ರಜೆಗೆ ಬಂದಾಗಲೆಲ್ಲ ಅಡುಗೆ ಮನೆಯ ಗೋಡೆಗೆ ಒರಗಿಸಿಟ್ಟ ಮಣೆಗಳ ಸಾಲು ಬೆಳೆದಿರುತ್ತಿತ್ತು. ಇಡೀ ಓಣಿಯನ್ನು ಊಟಕ್ಕೆ ಕೂರಿಸಬಹುದಾಗಿತ್ತು. "ಈಸ ಮಣಿ ಯಾರ ಕುಂದರಾಕ?" ಎಂದು ಆಯಿ ಕೇಳಿದರೆ ಅಜ್ಜ ಎದ್ದು ಕೊಟ್ಟಿಗೆಯ ಕಡೆ ನಡೆಯುತ್ತಿದ್ದ. ನನಗೆ ನಗು ಬರುತ್ತಿತ್ತು. ಅಜ್ಜನೇ ಹೇಳಲಿ, ಅವನ ಬಾಯಿಂದಲೇ ಬರಲಿ ಎಂದು ನಾನೂ ಕಾಯುತ್ತ ಉಳಿದೆ. ಅಜ್ಜನ ಮೇಲಿನ ಪ್ರೀತಿಯೂ ಇತ್ತು. ಅವನು ಆ ಕಲ್ಲು ಎತ್ತಿದ್ದು ನನಗಾಗಿ ಎಂಬುದನ್ನು ಮರೆಯುವುದು ಹೇಗೆ?

ಡಿಗ್ರಿಯ ಎರಡನೆಯ ವರ್ಷ ಅಜ್ಜನಿಗೆ ಲಕ್ವಾ ಹೊಡೆಯಿತು. ಬಾಯಿ ಬಿದ್ದುಹೋಯಿತು. ನಾನು ನೋಡಲು ಬಂದಾಗ ಹಾಸಿಗೆಯ ಮೇಲಿಂದ ಚಲೋ ಇದ್ದ ಕೈಯೆತ್ತಿ ಟೀಪಾಯಿಯನ್ನು ತೋರಿಸಿ ತೋರಿಸಿ ಏನೋ ಹೇಳಲು ಹೆಣಗಿದ. ಆಯಿ, "ಚಾ ಬೇಕೇನ?" ಎಂದು ಕೇಳಿ ಚಹಾ ತಂದಳು. ಅಜ್ಜ ತಲೆ ಅಲ್ಲಾಡಿಸಿದ, ಕಣ್ಣಲ್ಲಿ ನೀರು ಬಂತು. ಇನ್ನು ಹೇಳುವವಳು ನಾನೇ ಎಂದು ತಿಳಿದು ಅಂದೇ ಮಧ್ಯಾಹ್ನ ಕಾಕಾನ ಮನೆಗೆ ಹೋದೆ.

ಕಾಕಾ ಒಂದು ಟೀಪಾಯಿಯ ಕಾಲಿಗೆ ರಂದಾ ಹೊಡೆಯುತ್ತಿದ್ದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ: ದೊಡ್ಡ ಕಲ್ಲು, ಅಜ್ಜನ ಕೈ, ಮೊಳೆ, ಬೂದಿ. ಅವರ ಹೆಗಲ ಮೇಲಿಂದ ಒಂದು ಭಾರ ಇಳಿಸುತ್ತಿದ್ದೇನೆ ಎಂಬ ಭಾವ ನನ್ನದು. ಅವರ ಮೋರೆ ಅರಳುತ್ತದೆಂದು ಕಾದೆ.

ರಂದಾ ಕೆಳಗಿಟ್ಟು, "ಯಾವ ಮೂಲಿ?" ಎಂದರು.

"ಕಾಲಿನ ಕಡೆದು. ಎಡಕ್ಕ."

"ಕೀಲ ಜಾರಿತ್ತೋ, ಸೀಳಿತ್ತೋ?"

"ಸೀಳಿತ್ತಂತ್ರಿ. ಆಯಿ ಕಣ್ಣಿಂದ ನೋಡ್ಯಾಳ."

ಬುಟ್ಟಿಯಿಂದ ಒಂದು ಕೀಲು ತೆಗೆದು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಒಂದೊಂದೇ ಮಾತು ಹೊರಬಂತು. "ಹಸಿ ಕೀಲ ಸೀಳೂದಿಲ್ಲ ತಂಗಿ. ಹಸಿದು ಬಾಗತೈತಿ, ಜಾರತೈತಿ. ಸೀಳೂದು ಒಣಗಿದ್ದು. ಅಗದಿ ಚೊಲೋ ಒಣಗಿದ್ದು."

ಒಳಗೆ ಕಾಕು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಕಾಕಾ ಆ ಕಡೆಗೆ ನೋಡಿದರು. ಅಷ್ಟು ವರ್ಷ ತೊಟ್ಟಿಲು ಬಿದ್ದ ಪಾಪವನ್ನು ಹೊತ್ತು ತಿರುಗಿದ ಆ ಮೋರೆಯ ಮೇಲೆ ಅಂಥ ದಿಗಿಲನ್ನು ನಾನು ಎಂದೂ ನೋಡಿರಲಿಲ್ಲ. ನಾನು ಇಳಿಸಲು ಬಂದದ್ದು ಸುಳ್ಳಿನ ಭಾರ. ಅದು ಇಳಿದ ಜಾಗದಲ್ಲಿ ನಿಜವಾದದ್ದು ಬಂದು ಕೂತಿತ್ತು.

"ನನಗ ಹೇಳಿದಿ," ಎಂದರು. "ಇನ್ನ ಆಕಿಗೆ ಹೇಳ, ಹೋಗು."

"ನೀವ ಹೇಳ್ರಿ ಕಾಕಾ."

"ನನ್ನ ಬಾಯಿಲೆ ಬರೂದಿಲ್ಲವಾ."

ಒಳಗೆ ಹೋದೆ. ಒಲೆಯ ಮುಂದೆ ಕೂತು ಮತ್ತೆ ಎಲ್ಲ ಹೇಳಿದೆ. ಈ ಸಲ ಒಂದೇ ಉಸಿರಿಗೆ ಬರಲಿಲ್ಲ. ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹಂಚಿನ ಮೇಲಿನದನ್ನು ತಿರುವಿ ಹಾಕಿ, ನೀರು ಸವರಿ, "ಅವತ್ತ ಹೇಳಿದ್ನಿ, ಕೀಲ ಒಣಗಿದ್ದವು ಅಂತ," ಎಂದರು. "ದೇವರ ಮುಂದ ದೀಪಾ ಮುಟ್ಟಿ ಹೇಳಿದ್ನಿ. ಯಾರ ಕೇಳಿದ್ರು?" ಅಳಲಿಲ್ಲ, ನನ್ನ ಅಜ್ಜನನ್ನು ಬೈಯಲೂ ಇಲ್ಲ. ಬೈದಿದ್ದರೆ ನನಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಬಿಸಿ ರೊಟ್ಟಿ, ಪುಂಡಿಪಲ್ಯ ತಾಟಿಗೆ ಹಾಕಿ ನನ್ನ ಮುಂದೆ ಸರಿಸಿ, "ಉಣ್ಣು. ದೂರದಿಂದ ಬಂದೀ," ಎಂದರು. ಉಂಡೆ. ಹೊರಗೆ ಚಪ್ಪರದಲ್ಲಿ ಕೆಲಸದ ಸಪ್ಪಳ ಮತ್ತೆ ಕೇಳಲಿಲ್ಲ.

ಕೆಲವು ತಿಂಗಳಿಗೆ ಅಜ್ಜ ತೀರಿಕೊಂಡ. ಅವನ ಶಿವಗಣಾರಾಧನೆಯ ದಿನ ಆಯಿ ಬಂದಿದ್ದ ಹೆಂಗಸರ ನಡುವೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಊರಿಗೆ ಕಥೆ ತಿರುಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತಲ್ಲ ಎಂದು ಮರುಗಿದರು, ಕಾಕಾನ ಮನೆಗೆ ಹೋಗಿ ತೊಟ್ಟಿಲು ಕೇಳತೊಡಗಿದರು. ಅಷ್ಟರಲ್ಲಿ ಕಾಕಾ ಚಪ್ಪರದ ತಮ್ಮ ಬುಟ್ಟಿಯನ್ನು ಬಿಚ್ಚಿ ಅಡುಗೆ ಒಲೆಯ ಮೇಲಿನ ಜಂತಿಗೆ ತಾವೇ ಕಟ್ಟಿ ಬಂದಿದ್ದರಂತೆ. ಮರುದಿನ ಕಾಕು ಅದನ್ನು ಇಳಿಸಿ, ಚಪ್ಪರಕ್ಕೆ ತಂದಿಟ್ಟು ಒಳಗೆ ಹೋದರಂತೆ.

"ಕಡೀತನಾ ಕಾಕಾ ತೊಟ್ಟಿಲ ಮಾಡಲಿಲ್ಲ ನೋಡಕ್ಕಾ," ಎಂದ ಮಾವನ ಮಗ ಮೊನ್ನೆ ಫೋನಿನಲ್ಲಿ. ಕೇಳಲು ಹೋದವರಿಗೆಲ್ಲ ಅವರದು ಒಂದೇ ಉತ್ತರವಂತೆ: "ಆಕೀನ್ನ ಕೇಳ್ರಿ. ಆಕಿ ಕೀಲ ಕೊಟ್ರ ಮಾಡ್ತೀನಿ." ಕೇಳಲು ಒಳಗೆ ಹೋದವರನ್ನು ಕಾಕು ಕೂರಿಸಿ, ರೊಟ್ಟಿ ಬಡಿದು, ಹೊಟ್ಟೆ ತುಂಬ ಉಣಿಸಿ ಕಳಿಸುತ್ತಿದ್ದರಂತೆ.